ಕಾವೇರಿಯ ಮಶೀರ್ ಮೀನಿಗೆ ಆನುವಂಶಿಕ ಗುರುತುಗಳನ್ನು ರೂಪಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಹಿನೀರಿನ ಮೀನುಗಳ ಬಳಗಗಳನ್ನು ಅಧ್ಯಯನ ಮಾಡಲು ಬೇಕಾದ ಆನುವಂಶಿಕ ಗುರುತುಗಳನ್ನು ಹೇಗೆ ರೂಪಿಸುತ್ತಾರೆ, ಹೇಗೆ ಪರೀಕ್ಷಿಸುತ್ತಾರೆ ಎಂಬುದನ್ನು ಕಾವೇರಿ ಕೊಳ್ಳದ ಗೂನುಬೆನ್ನಿನ ಮಶೀರ್ ಮೀನನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಒಂದೇ ನೀರಿನಲ್ಲಿ ತಮ್ಮತಮ್ಮಲ್ಲೇ ಕೂಡಿ ಮರಿ ಮಾಡುವ ಮೀನುಗಳ ಗುಂಪನ್ನು ಈ ಪುಟದುದ್ದಕ್ಕೂ ‘ಬಳಗ’ ಎಂದು ಕರೆದಿದ್ದೇವೆ. ವಿದ್ಯಾರ್ಥಿಗಳು, ಮೀನುಗಾರಿಕೆಯ ಸಿಬ್ಬಂದಿ, ಗಾಳ ಹಾಕುವ ಹವ್ಯಾಸಿಗಳು ಮತ್ತು ಹೊಳೆದಂಡೆಯ ಊರಿನವರು ಕೇಳುತ್ತ ಬಂದ ಪ್ರಶ್ನೆಗಳಿವು.

ಆನುವಂಶಿಕ ಗುರುತು ಎಂದರೇನು? ಮೀನಿಗೆ ಕಟ್ಟುವ ಬಿಲ್ಲೆಯೇ?

ಅಲ್ಲ. ಬಿಲ್ಲೆಯನ್ನು ನಾವು ಮೀನಿಗೆ ಸಿಕ್ಕಿಸುತ್ತೇವೆ. ಆನುವಂಶಿಕ ಗುರುತನ್ನು ಮೀನು ತನ್ನ ತಂದೆತಾಯಿಗಳಿಂದ ಪಡೆದುಕೊಂಡೇ ಹುಟ್ಟುತ್ತದೆ. ಡಿಎನ್‌ಎ ಎಳೆಯ ಮೇಲೆ ಮೀನಿನಿಂದ ಮೀನಿಗೆ ಬದಲಾಗುವ, ಆದರೆ ಪ್ರಯೋಗಾಲಯದಲ್ಲಿ ಎಷ್ಟು ಸಲ ಓದಿದರೂ ಒಂದೇ ಉತ್ತರ ಕೊಡುವ ಜಾಗಕ್ಕೆ ಗುರುತು ಅಥವಾ ಮಾರ್ಕರ್ ಎನ್ನುತ್ತಾರೆ. ಆ ಜಾಗದಲ್ಲಿ ಕಾಣಸಿಗುವ ಬೇರೆ ಬೇರೆ ರೂಪಗಳು ಅಲೀಲ್‌ಗಳು. ಬದಲಾಗುವ ಗುಣ, ತಪ್ಪದೆ ಓದಿಸಿಕೊಳ್ಳುವ ಗುಣ ಎರಡೂ ಇದ್ದರೆ ಮಾತ್ರ ಅದು ಗುರುತು. ಮೊದಲನೆಯದನ್ನು ಹುಡುಕುವುದು ಈಗ ಸುಲಭವಾಗಿದೆ; ಎರಡನೆಯದನ್ನು ಖಾತ್ರಿಪಡಿಸಿಕೊಳ್ಳುವ ಕೆಲಸವನ್ನು ಅವಸರದಲ್ಲಿ ಬಿಟ್ಟುಬಿಡುವವರೇ ಹೆಚ್ಚು. ಮುಂದಿನ ಬಹಳಷ್ಟು ಉತ್ತರಗಳು ಈ ಎರಡನೆಯ ಗುಣದ ಸುತ್ತಲೇ ಸುತ್ತುತ್ತವೆ.

ಉದಾಹರಣೆಗೆ ಕಾವೇರಿಯ ಮಶೀರ್ ಏಕೆ?

ಏಕೆಂದರೆ ಇದರ ಹೆಸರನ್ನು ಗೊತ್ತುಮಾಡಲೇ ಇಷ್ಟು ಕಾಲ ಬೇಕಾಯಿತು. ಹೊಳೆದಂಡೆಯವರು ಬಿಳಿ ಮೀನು ಎಂದು ಕರೆಯುವ ಮಶೀರ್‌ಗಳಲ್ಲಿ ಕಾವೇರಿಯ ಗೂನುಬೆನ್ನಿನದು ದೈತ್ಯ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಕೆಡವಿದ ಮೀನು 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತ್ತು. ಗಾಳದವರ ಲೋಕದಲ್ಲಿ ಇಷ್ಟು ಪ್ರಸಿದ್ಧವಾಗಿದ್ದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ಅಮರಾವತಿಯ ಮೂಲಕ ಕಾವೇರಿಯನ್ನು ಸೇರುವ ಪಾಂಬಾರ್ ಹೊಳೆಯಿಂದ 2007ರಲ್ಲಿ ಟೋರ್ ರೆಮಾದೇವಿ ಎಂಬ ಪ್ರಭೇದವನ್ನು ವರ್ಣಿಸಲಾಗಿತ್ತು. ನಮ್ಮ ಗೂನುಬೆನ್ನಿನ ಮೀನೂ ಅದೇ ಪ್ರಭೇದ ಎಂಬುದು ದೇಹಲಕ್ಷಣ ಮತ್ತು ಡಿಎನ್‌ಎ ಎರಡನ್ನೂ ಹೋಲಿಸಿ ನೋಡಿದ ಮೇಲೆ 2018ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿ ಅದು ‘ತೀವ್ರ ಅಪಾಯದಲ್ಲಿರುವ’ ಪ್ರಭೇದವಾಗಿ ಸೇರಿತು. ಸಹಜ ನೆಲೆಯಲ್ಲಿ ಅಳಿದುಹೋಗುವ ಅಪಾಯ ಅತ್ಯಂತ ಹೆಚ್ಚಿರುವ ಜೀವಿಗಳಿಗೆ ಕೊಡುವ ದರ್ಜೆಯಿದು.

ಇನ್ನೊಂದು ಕಾರಣ ನೀಲಿ ಈಜುರೆಕ್ಕೆಯ ಮಶೀರ್, ಟೋರ್ ಖುದ್ರೀ. ಪ್ರಕೃತಿ ವಿಜ್ಞಾನಿ ಸೈಕ್ಸ್ 1839ರಲ್ಲಿ ಅದನ್ನು ವರ್ಣಿಸಿದ್ದು ಪುಣೆಯ ಬಳಿಯ ಮುಳಾ-ಮುಠಾ ನದಿಯಿಂದ, ಎಂದರೆ ಕೃಷ್ಣಾ ಕೊಳ್ಳದಿಂದ. 1970ರ ದಶಕದಿಂದ ಈ ಮೀನಿನ ಮರಿಗಳನ್ನು ಲೋನಾವಳದ ಹ್ಯಾಚರಿಯಲ್ಲಿ ಬೆಳೆಸಿ ಬೇರೆ ಬೇರೆ ನದಿಗಳಿಗೆ, ಕಾವೇರಿಗೂ, ಬಿತ್ತನೆ ಮಾಡುತ್ತ ಬಂದರು. ಆಗಿನ ಉದ್ದೇಶ ಒಳ್ಳೆಯದೇ: ನದಿಯಲ್ಲಿ ಮಶೀರ್ ಕಡಿಮೆಯಾಗಿದೆ, ಹೆಚ್ಚಿಸೋಣ ಎಂಬುದು. ಆದರೆ ಯಾವ ಮಶೀರ್ ಕಡಿಮೆಯಾಗಿದೆ, ಯಾವುದನ್ನು ಹೆಚ್ಚಿಸುತ್ತಿದ್ದೇವೆ ಎಂದು ಕೇಳಿ ನೋಡಲು ಆಗ ಕೈಯಲ್ಲಿ ಅಳತೆಗೋಲೇ ಇರಲಿಲ್ಲ.

ಪ್ರಭೇದ ಯಾವುದೆಂದು ತಿಳಿದಾಯಿತಲ್ಲ, ಇನ್ನೂ ಗುರುತುಗಳೇಕೆ?

ಪ್ರಭೇದವನ್ನು ಪತ್ತೆಮಾಡಲು ಸಾಮಾನ್ಯವಾಗಿ ಬಳಸುವುದು ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದ ಡಿಎನ್‌ಎ. ಡಿಎನ್‌ಎ ಎಳೆಯ ಒಂದೊಂದು ಘಟಕವನ್ನು (ಎ, ಸಿ, ಜಿ ಅಥವಾ ಟಿ) ಅಕ್ಷರವೆಂದರೆ, ಮೀನುಗಳಲ್ಲಿ ಇದು ಸುಮಾರು 16,500 ಅಕ್ಷರಗಳ ಪುಟ್ಟ ಉಂಗುರ. ಅದರೊಳಗಿನ ಸಿಓಐ ಜೀನಿನ ಸುಮಾರು 650 ಅಕ್ಷರಗಳ ತುಣುಕನ್ನು ಓದಿದರೆ ಬಹುತೇಕ ಪ್ರಭೇದಗಳನ್ನು ಬೇರ್ಪಡಿಸಬಹುದು. ಡಿಎನ್‌ಎ ಬಾರ್‌ಕೋಡ್ ಎಂದು 2003ರಿಂದ ಜನಪ್ರಿಯವಾದ ವಿಧಾನವಿದು. ಆದರೆ ಈ ಉಂಗುರ ಬರುವುದು ತಾಯಿಯಿಂದ ಮಾತ್ರ. ಖುದ್ರೀ ತಾಯಿಗೂ ರೆಮಾದೇವಿ ತಂದೆಗೂ ಹುಟ್ಟಿದ ಮಿಶ್ರತಳಿ ಮರಿಯನ್ನು ಬಾರ್‌ಕೋಡ್‌ಗೆ ಒಡ್ಡಿದರೆ ಅದು ಅಪ್ಪಟ ಖುದ್ರೀ ಎಂದೇ ಹೇಳುತ್ತದೆ. ತಂದೆಯ ಪಾಲು ಎಲ್ಲೂ ಕಾಣುವುದಿಲ್ಲ. ಬಳಗಗಳ ನಡುವೆ ಎಷ್ಟು ಬೆರಕೆಯಾಗಿದೆ, ಒಳಸಂತಾನ (ಹತ್ತಿರದ ರಕ್ತಸಂಬಂಧಿಗಳು ಕೂಡಿ ಮರಿ ಮಾಡುವುದು) ಎಷ್ಟು ಎಂಬಂಥ ಪ್ರಶ್ನೆಗಳಿಗೆ ತಂದೆತಾಯಿ ಇಬ್ಬರ ಲೆಕ್ಕವೂ ಬೇಕು. ಅದಕ್ಕಾಗಿ ಕೋಶಕೇಂದ್ರದ ಡಿಎನ್‌ಎಯಲ್ಲಿ ಗುರುತುಗಳನ್ನು ಹುಡುಕಬೇಕಾಗುತ್ತದೆ.

ಮೈಕ್ರೋಸ್ಯಾಟಲೈಟ್ ಎಂದರೇನು? ಅದನ್ನು ಹೇಗೆ ಹುಡುಕುತ್ತಾರೆ?

ಡಿಎನ್‌ಎಯ ಕೆಲವು ಜಾಗಗಳಲ್ಲಿ ಎರಡು, ಮೂರು ಅಥವಾ ನಾಲ್ಕು ಅಕ್ಷರಗಳ ತುಣುಕೊಂದು ಭಜನೆಯ ಪಲ್ಲವಿಯಂತೆ ಮತ್ತೆ ಮತ್ತೆ ಬರುತ್ತದೆ: ಸಿಎ ಸಿಎ ಸಿಎ ಸಿಎ. ನಕಲು ತೆಗೆಯುವಾಗ ಕೋಶದ ಯಂತ್ರಾಂಗ ಇಂಥಲ್ಲಿ ಎಡವುತ್ತದೆ. ಒಮ್ಮೆ ಒಂದು ಆವರ್ತನೆ ಹೆಚ್ಚು, ಒಮ್ಮೆ ಕಡಿಮೆ. ಹೀಗಾಗಿ ಒಂದು ಮೀನಿನಲ್ಲಿ ಹನ್ನೆರಡು ಸಲ ಬಂದದ್ದು ಇನ್ನೊಂದರಲ್ಲಿ ಹದಿನೆಂಟು ಸಲ ಬಂದಿರುತ್ತದೆ. ಈ ಉದ್ದದ ವ್ಯತ್ಯಾಸವೇ ನಮಗೆ ಬೇಕಾದ ಗುರುತು.

ಹಿಂದೆ ಇದನ್ನು ಹುಡುಕುವುದು ತಿಂಗಳುಗಟ್ಟಲೆಯ ಕೆಲಸವಾಗಿತ್ತು. ಡಿಎನ್‌ಎಯನ್ನು ಕಿಣ್ವದಿಂದ ತುಂಡರಿಸಿ, ಆವರ್ತನೆಯಿರುವ ತುಂಡುಗಳನ್ನು ಕಾಂತೀಯ ಮಣಿಗಳಿಗೆ ಅಂಟಿಸಿ ಎಳೆದು, ಬ್ಯಾಕ್ಟೀರಿಯದೊಳಗೆ ಸೇರಿಸಿ ಬೆಳೆಸಿ, ಒಂದೊಂದಾಗಿ ಓದಬೇಕಿತ್ತು. ಈಗ ಒಂದೆರಡು ಮೀನುಗಳ ಡಿಎನ್‌ಎಯನ್ನು ಹೊಸ ತಲೆಮಾರಿನ ಯಂತ್ರದಲ್ಲಿ ತೆಳುವಾಗಿ ಓದಿಸಿದರೂ ಸಾಕು, ಸಾವಿರಾರು ಆವರ್ತನೆಗಳನ್ನು ಕಂಪ್ಯೂಟರೇ ಹೆಕ್ಕಿಕೊಡುತ್ತದೆ. ಆವರ್ತನೆಯ ಎರಡೂ ಪಕ್ಕದ ಬದಲಾಗದ ಭಾಗಕ್ಕೆ ಹೊಂದುವಂತೆ ಪ್ರೈಮರ್ ಎಂಬ 18ರಿಂದ 25 ಅಕ್ಷರಗಳ ಚಿಕ್ಕ ಡಿಎನ್‌ಎ ತುಣುಕುಗಳ ಜೋಡಿಯನ್ನು ರೂಪಿಸಿ, ಡಿಎನ್‌ಎಯ ನಕಲು ತೆಗೆಯುವ ಪಿಸಿಆರ್ ಯಂತ್ರದಲ್ಲಿ ಆ ತುಣುಕನ್ನಷ್ಟೇ ಕೋಟ್ಯಂತರ ಪಟ್ಟು ಹೆಚ್ಚಿಸಿ, ಅದರ ಉದ್ದವನ್ನು ಅಳೆಯುತ್ತೇವೆ. ಅಳೆಯುವ ಯಂತ್ರದ ನಕ್ಷೆಯಲ್ಲಿ ಪ್ರತಿ ಉದ್ದವೂ ಒಂದು ಶಿಖರವಾಗಿ ಕಾಣುತ್ತದೆ.

ಇಲ್ಲಿಗೆ ಮುಗಿಯಿತೆಂದು ಭಾವಿಸಬಾರದು. ಸಾವಿರಾರರಲ್ಲಿ 48 ಜೋಡಿಗಳನ್ನು ಆರಿಸಿ ತರಿಸಿಕೊಂಡರೆ, ಕೆಲವು ಏನನ್ನೂ ಹೆಚ್ಚಿಸುವುದಿಲ್ಲ, ಕೆಲವು ಎಲ್ಲ ಮೀನಿನಲ್ಲೂ ಒಂದೇ ಉದ್ದ ತೋರಿಸುತ್ತವೆ, ಕೆಲವು ಓದಲಾಗದ ಗೊಂದಲ ಕೊಡುತ್ತವೆ. ಕೊನೆಗೆ ಹದಿನೈದು ಉಳಿದರೆ ಅದೃಷ್ಟವೆಂದೇ ನಾನು ತಿಳಿಯುತ್ತೇನೆ. ಎರಡಕ್ಷರದ ಆವರ್ತನೆಗಳಿಗಿಂತ ನಾಲ್ಕಕ್ಷರದವನ್ನು ಆರಿಸಿಕೊಳ್ಳುವುದು ಮೇಲು. ಪಿಸಿಆರ್‌ನಲ್ಲಿ ಕಿಣ್ವವೂ ಎಡವುವುದರಿಂದ ಎರಡಕ್ಷರದ ಗುರುತಿನಲ್ಲಿ ನಿಜವಾದ ಶಿಖರದ ಮುಂದೆ ಮೆಟ್ಟಿಲಿನಂತೆ ಸುಳ್ಳು ಶಿಖರಗಳು ನಿಲ್ಲುತ್ತವೆ. ಅವುಗಳ ನಡುವೆ ಅಲೀಲ್ ಯಾವುದು, ನೆರಳು ಯಾವುದು ಎಂದು ಇಬ್ಬರು ಓದುಗರು ಎರಡು ರೀತಿ ಹೇಳುತ್ತಾರೆ.

ರೋಹು ಅಥವಾ ಸಾಮಾನ್ಯ ಗೆಂಡೆ ಮೀನಿಗೆಂದು ರೂಪಿಸಿದ ಪ್ರೈಮರ್‌ಗಳನ್ನೇ ಬಳಸಬಾರದೇ?

ಬಳಸಬಹುದು, ಅನೇಕರು ಬಳಸಿದ್ದಾರೆ. ಸಂಬಂಧ ಹತ್ತಿರವಿದ್ದಷ್ಟೂ ಯಶಸ್ಸು ಹೆಚ್ಚು. ಆದರೆ ಎರವಲು ಪ್ರೈಮರ್ ಅಂಟಬೇಕಾದ ಜಾಗದಲ್ಲಿ ಒಂದಕ್ಷರ ಬದಲಾಗಿದ್ದರೂ ಕೆಲವು ಅಲೀಲ್‌ಗಳು ಹೆಚ್ಚಾಗದೆ ಮರೆಯಾಗುತ್ತವೆ. ಮೀನಿನಲ್ಲಿ ಇದ್ದರೂ ಯಂತ್ರಕ್ಕೆ ಕಾಣದ ಇವನ್ನು ಶೂನ್ಯ ಅಲೀಲ್ ಎನ್ನುತ್ತಾರೆ. ಆರಂಭದ ಪರೀಕ್ಷೆಗೆ ಎರವಲು ಸಾಕು. ಸಂರಕ್ಷಣೆಯ ನಿರ್ಧಾರವೊಂದು ಅದರ ಮೇಲೆ ನಿಲ್ಲುವುದಾದರೆ ಸ್ವಂತ ಗುರುತುಗಳನ್ನೇ ರೂಪಿಸಿಕೊಳ್ಳುವುದು ಕ್ಷೇಮ.

ಒಂದೇ ಮೀನಿನಲ್ಲಿ ನಾಲ್ಕು ಶಿಖರಗಳು ಕಾಣುತ್ತಿವೆ. ಮಾದರಿ ಕಲಬೆರಕೆಯಾಗಿದೆಯೇ?

ಮಶೀರ್‌ನೊಂದಿಗೆ ಕೆಲಸ ಮಾಡುವ ಪ್ರತಿ ವಿದ್ಯಾರ್ಥಿಯೂ ಒಮ್ಮೆಯಾದರೂ ಕೇಳುವ ಪ್ರಶ್ನೆಯಿದು. ಕಲಬೆರಕೆಯೂ ಇರಬಹುದು, ಆದ್ದರಿಂದ ಮೊದಲು ಅದೇ ಮೀನಿನ ರೆಕ್ಕೆಯ ಇನ್ನೊಂದು ಚೂರಿನಿಂದ ಡಿಎನ್‌ಎಯನ್ನು ಹೊಸದಾಗಿ ತೆಗೆದು ನೋಡಬೇಕು. ಮತ್ತೆ ಅದೇ ನಾಲ್ಕು ಶಿಖರಗಳು ಬಂದರೆ ತಪ್ಪು ನಿಮ್ಮದಲ್ಲ, ಮಶೀರ್‌ನ ಪೂರ್ವಜರದ್ದು.

ರೋಹುವಿನ ಕೋಶದಲ್ಲಿ 50 ವರ್ಣತಂತುಗಳಿದ್ದರೆ ಮಶೀರ್‌ನಲ್ಲಿ 100 ಇವೆ. ಬಹಳ ಹಿಂದೆ ಇದರ ಪೂರ್ವಜರಲ್ಲಿ ಇಡೀ ವರ್ಣತಂತು ಸಂಚಯವೇ ಇಮ್ಮಡಿಯಾಯಿತು. ಆ ಹಳೆಯ ಜೋಡುಪ್ರತಿಗಳು ಕಾಲಕ್ರಮೇಣ ಒಂದರಿಂದೊಂದು ದೂರ ಸರಿದಿದ್ದರೂ, ಕೆಲವೆಡೆ ಪ್ರೈಮರ್‌ಗೆ ಎರಡೂ ಒಂದೇ ಎನಿಸುವಷ್ಟು ಹೋಲಿಕೆ ಉಳಿದಿದೆ. ಆಗ ಒಂದು ಪ್ರೈಮರ್ ಜೋಡಿ ಡಿಎನ್‌ಎಯ ಎರಡು ಜಾಗಗಳನ್ನು, ಎಂದರೆ ಎರಡು ತಾಣಗಳನ್ನು, ಹೆಚ್ಚಿಸುತ್ತದೆ. ತಾಣಕ್ಕೆರಡರಂತೆ ನಾಲ್ಕು ಅಲೀಲ್. ಉದಾಹರಣೆಗೆ 148, 152, 190, 198 ಎಂಬ ಉದ್ದಗಳು ಬಂದಿವೆ ಎನ್ನಿ. ಎಲ್ಲ ಮೀನುಗಳಲ್ಲೂ 140–160ರ ಗುಂಪಿನಿಂದ ಒಂದೋ ಎರಡೋ, 185–205ರ ಗುಂಪಿನಿಂದ ಒಂದೋ ಎರಡೋ ಮಾತ್ರ ಬರುತ್ತಿದ್ದರೆ ಅವು ಎರಡು ಪ್ರತ್ಯೇಕ ತಾಣಗಳು, ಬೇರ್ಪಡಿಸಿ ಬಳಸಬಹುದು. ಎರಡು ಗುಂಪುಗಳ ಉದ್ದಗಳು ಒಂದರೊಳಗೊಂದು ಹೆಣೆದುಕೊಂಡಿದ್ದರೆ ಆ ಗುರುತನ್ನು ಕೈಬಿಡಿ. ಅನುಮಾನ ಪೂರ್ತಿ ತೀರಬೇಕೆಂದರೆ ಹ್ಯಾಚರಿಯಲ್ಲಿ ಒಂದೇ ಜೋಡಿಗೆ ಹುಟ್ಟಿದ ಮರಿಗಳಲ್ಲಿ ಅಲೀಲ್‌ಗಳು ಹೇಗೆ ಹಂಚಿಹೋಗಿವೆ ಎಂದು ನೋಡಬೇಕು. ಪ್ರತಿ ಮರಿಗೂ ಪ್ರತಿ ತಾಣದಲ್ಲಿ ತಾಯಿಯಿಂದ ಒಂದು, ತಂದೆಯಿಂದ ಒಂದು ಬಂದಿದ್ದರೆ ಗುರುತು ಪಾಸಾದಂತೆ.

ಗುರುತು ನಂಬಲರ್ಹ ಎಂದು ಹೇಗೆ ಪರೀಕ್ಷಿಸುವುದು?

ಮೊದಲ ಪರೀಕ್ಷೆ ಹಾರ್ಡಿ–ವೈನ್‌ಬರ್ಗ್ ಸಮತೋಲನ. 1908ರ ಈ ಲೆಕ್ಕ ತೀರ ಸರಳ. ಒಂದು ಗುರುತಿನಲ್ಲಿ ಎರಡೇ ಅಲೀಲ್‌ಗಳಿದ್ದು, ಅವುಗಳ ಪಾಲು 0.6 ಮತ್ತು 0.4 ಆಗಿದ್ದರೆ, ಮೀನುಗಳು ಆಯ್ಕೆಯಿಲ್ಲದೆ ಕೂಡಿದಾಗ ಎರಡೂ ಅಲೀಲ್ ಇರುವ ವಿಷಮಯುಗ್ಮಜಗಳ ಪಾಲು 2 × 0.6 × 0.4, ಅಂದರೆ 0.48. ಐವತ್ತು ಮೀನುಗಳಲ್ಲಿ 24 ಇರಬೇಕು. ಒಂದೇ ಅಲೀಲ್ ಎರಡು ಸಲ ಇರುವ ಸಮಯುಗ್ಮಜಗಳು 18 ಮತ್ತು 8.

ಈಗ ನಮ್ಮ ಕೈಗೆ ಸಿಕ್ಕಿದ್ದು 14 ವಿಷಮಯುಗ್ಮಜ, 23 ಮತ್ತು 13 ಸಮಯುಗ್ಮಜ ಎಂದುಕೊಳ್ಳಿ. ಅಲೀಲ್‌ಗಳ ಪಾಲು ಮೊದಲಿನಷ್ಟೇ, ಆದರೆ ಹತ್ತು ವಿಷಮಯುಗ್ಮಜಗಳು ಕಾಣೆಯಾಗಿವೆ. ಇಲ್ಲಿ ಮೂರು ಶಂಕೆಗಳಿವೆ. ಶೂನ್ಯ ಅಲೀಲ್ ಇರಬಹುದು, ಒಳಸಂತಾನವಿರಬಹುದು, ಅಥವಾ ಗೊತ್ತಿಲ್ಲದೆ ಎರಡು ಬೇರೆ ಬಳಗಗಳ ಮೀನುಗಳನ್ನು ಒಂದೇ ಬುಟ್ಟಿಗೆ ಹಾಕಿರಬಹುದು. ಬಿಡಿಸಿಕೊಳ್ಳುವ ದಾರಿ ಉಳಿದ ಗುರುತುಗಳನ್ನು ನೋಡುವುದು. ಕೊರತೆ ಒಂದೇ ಗುರುತಿನಲ್ಲಿದ್ದರೆ ದೋಷ ಗುರುತಿನದು. ಎಲ್ಲದರಲ್ಲೂ ಇದ್ದರೆ ಅದು ಮೀನುಗಳ ಬದುಕಿನ ಸಂಗತಿ. ಗುರುತಿನ ದೋಷವನ್ನು ನದಿಯ ಸತ್ಯವೆಂದು ಓದಿ, ‘ಒಳಸಂತಾನ ಅಪಾಯಕಾರಿ ಮಟ್ಟದಲ್ಲಿದೆ’ ಎಂದು ಘೋಷಿಸಿಬಿಡುವ ತಪ್ಪು ಇಲ್ಲಿಯೇ ಆಗುವುದು.

ಎರಡು ಗುರುತುಗಳು ಒಂದೇ ವರ್ಣತಂತುವಿನಲ್ಲಿ ಅಕ್ಕಪಕ್ಕ ಕೂತು ಒಟ್ಟಿಗೇ ಸಾಗುತ್ತಿಲ್ಲವೇ ಎಂಬುದನ್ನೂ ನೋಡಬೇಕು. ಹಾಗಿದ್ದರೆ ಎರಡೂ ಹೇಳುವುದು ಒಂದೇ ಮಾತು. ಇನ್ನು, ಹತ್ತಕ್ಕೊಂದು ಮಾದರಿಯನ್ನಾದರೂ ಮೊದಲಿನಿಂದ ಮರುಪರೀಕ್ಷೆ ಮಾಡಿ, ಎಷ್ಟರಲ್ಲಿ ಉತ್ತರ ಬದಲಾಯಿತು ಎಂಬುದನ್ನು ಮುಚ್ಚಿಡದೆ ಬರೆಯಬೇಕು. ಬೇರೆ ಪ್ರಯೋಗಾಲಯದೊಂದಿಗೆ ಅಂಕಿಗಳನ್ನು ಕೂಡಿಸುವಾಗ ಒಂದೆರಡು ಮೀನುಗಳ ಡಿಎನ್‌ಎಯನ್ನು ಎರಡೂ ಕಡೆ ಓದಿಸದಿದ್ದರೆ, ಇಲ್ಲಿಯ 152 ಅಲ್ಲಿಯ 154 ಆಗಿ ಕಾಣಿಸಿ, ಇಲ್ಲದ ಭಿನ್ನತೆ ಹುಟ್ಟಿಕೊಳ್ಳುತ್ತದೆ.

ಈಗ ಎಲ್ಲರೂ ಎಸ್‌ಎನ್‌ಪಿ ಬಳಸುತ್ತಾರಲ್ಲ?

ಒಂದಕ್ಷರದ ವ್ಯತ್ಯಾಸಗಳಾದ ಎಸ್‌ಎನ್‌ಪಿಗಳನ್ನು 2008ರ ನಂತರ ಬಂದ, ಕಿಣ್ವ ತುಂಡರಿಸಿದ ಜಾಗಗಳ ಅಕ್ಕಪಕ್ಕವನ್ನಷ್ಟೇ ಓದುವ ರಾಡ್ ಮಾದರಿಯ ವಿಧಾನಗಳಿಂದ ಸಾವಿರಗಟ್ಟಲೆ ಪಡೆಯಬಹುದು. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಹೋಲಿಕೆಯೂ ಸುಲಭ. ಹಣ ಮತ್ತು ಗಣಕ ಸೌಲಭ್ಯ ಇದ್ದರೆ ಅದೇ ಒಳ್ಳೆಯ ದಾರಿ. ಆದರೆ ಮಶೀರ್‌ನ ಜೋಡುಪ್ರತಿಗಳ ತೊಂದರೆ ಅಲ್ಲಿಯೂ ತಪ್ಪುವುದಿಲ್ಲ. ಎರಡು ತಾಣಗಳ ಓದುಗಳು ಒಂದರ ಮೇಲೊಂದು ಕುಳಿತರೆ ಬಹುತೇಕ ಎಲ್ಲ ಮೀನುಗಳೂ ವಿಷಮಯುಗ್ಮಜ ಎಂದು ಕಾಣುತ್ತವೆ. ಶೂನ್ಯ ಅಲೀಲ್‌ನಿಂದ ಕೊರತೆ, ಜೋಡುಪ್ರತಿಯಿಂದ ಅತಿರೇಕ ಎಂದು ನೆನಪಿಟ್ಟರೆ ಸಾಕು. ಕಡಿಮೆ ಖರ್ಚಿನಲ್ಲಿ ಮರಿಗಳ ತಂದೆತಾಯಿಯನ್ನು ಪತ್ತೆಮಾಡುವಂಥ ಕೆಲಸಕ್ಕೆ ಹನ್ನೆರಡು ಹದಿನೈದು ಒಳ್ಳೆಯ ಮೈಕ್ರೋಸ್ಯಾಟಲೈಟ್‌ಗಳು ಇಂದಿಗೂ ಸಾಕಾಗುತ್ತವೆ.

ಮಾದರಿ ತೆಗೆದರೆ ಮೀನು ಸಾಯುತ್ತದೆಯೇ? ಎಷ್ಟು ಮೀನು ಬೇಕು?

ಸಾಯುವುದಿಲ್ಲ. ಹೊಟ್ಟೆಯ ಕೆಳಗಿನ ಈಜುರೆಕ್ಕೆಯ ತುದಿಯಿಂದ ಹೆಸರುಕಾಳಿನಷ್ಟು ಚೂರು ಸಾಕು, ಅದು ಮತ್ತೆ ಬೆಳೆಯುತ್ತದೆ. ಮೀನನ್ನು ನೀರಿನಿಂದ ಪೂರ್ತಿ ಎತ್ತದೆ, ಒದ್ದೆ ಕೈಯಲ್ಲಿ ಹಿಡಿದು, ಕತ್ತರಿಯನ್ನು ಪ್ರತಿಸಲ ಒರೆಸಿ ಸುಟ್ಟು ಬಳಸಬೇಕು. ಚೂರನ್ನು 95 ಶೇಕಡಾ ಇಥೆನಾಲ್‌ನಲ್ಲಿ ಹಾಕಿ, ಮರುದಿನ ಇಥೆನಾಲ್ ಬದಲಿಸಬೇಕು, ಏಕೆಂದರೆ ರೆಕ್ಕೆಯ ನೀರು ಅದನ್ನು ತೆಳುವಾಗಿಸಿರುತ್ತದೆ. ಫಾರ್ಮಲಿನ್ ಮಾತ್ರ ಬೇಡ. ಅದರಲ್ಲಿ ನೆನೆದ ಮೀನು ನೋಡಲು ಚೆಂದವಾಗಿರುತ್ತದೆ, ಡಿಎನ್‌ಎ ಹಾಳಾಗಿರುತ್ತದೆ.

ಇನ್ನೊಂದು ಮಾತು. ನಾನು ಕೆಲಸ ಶುರುಮಾಡಿದ ಹೊಸತರಲ್ಲಿ ಟ್ಯೂಬುಗಳ ಮೇಲೆ ಮಾರ್ಕರ್ ಪೆನ್ನಿನಿಂದ ನಂಬರ್ ಬರೆದು, ಎಲ್ಲವನ್ನೂ ಒಂದು ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ತಂದೆ. ದಾರಿಯಲ್ಲಿ ಒಂದು ಟ್ಯೂಬು ಸೋರಿತು. ಮನೆ ಮುಟ್ಟುವಾಗ ಇಪ್ಪತ್ತು ಟ್ಯೂಬುಗಳೂ ನುಣ್ಣಗೆ ತೊಳೆದಿಟ್ಟಂತಿದ್ದವು. ಅಂದಿನಿಂದ ಪೆನ್ಸಿಲ್ಲಿನಲ್ಲಿ ಬರೆದ ಕಾಗದದ ಚೀಟಿಯೊಂದು ಪ್ರತಿ ಟ್ಯೂಬಿನ ಒಳಗೇ ಹೋಗುತ್ತದೆ.

ಒಂದು ಜಾಗಕ್ಕೆ 30ರಿಂದ 50 ಮೀನು ಸಿಕ್ಕರೆ ಉತ್ತಮ. ಅಪರೂಪದ ಮೀನಿನಲ್ಲಿ ಅಷ್ಟು ಸಿಗುವುದು ಕಷ್ಟವೆಂದು, ಒಂದೇ ಮಡುವಿನಲ್ಲಿ ಬಲೆ ಬೀಸಿ ಸಿಕ್ಕ ಐವತ್ತು ಮರಿಗಳನ್ನು ಐವತ್ತು ಮಾದರಿಯೆಂದು ಎಣಿಸಬೇಡಿ. ಅವು ಒಂದೇ ತಾಯಿಯ ಮಕ್ಕಳಿರಬಹುದು. ಹಾಗೆ ಮಾಡಿದರೆ ಒಂದು ಕುಟುಂಬವನ್ನು ಅಳೆದು ಇಡೀ ನದಿಯ ಹೆಸರು ಹೇಳಿದಂತಾಗುತ್ತದೆ.

ದೇವಸ್ಥಾನದ ಮೀನುಗಳಿಂದ ಮಾದರಿ ತೆಗೆಯಬಹುದೇ?

ಶೃಂಗೇರಿಯ ತುಂಗೆ, ರಾಮನಾಥಪುರದ ಕಾವೇರಿ, ಶಿಶಿಲದ ಕಪಿಲೆ ಇಲ್ಲೆಲ್ಲ ಜನ ದೇವರ ಮೀನೆಂದು ಮಶೀರ್‌ಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಮೂರೂ ಬೇರೆ ಬೇರೆ ಕೊಳ್ಳಗಳು: ತುಂಗೆ ಕೃಷ್ಣೆಗೆ ಸೇರುತ್ತದೆ, ಶಿಶಿಲದ ಕಪಿಲೆಯ ನೀರು ಕುಮಾರಧಾರೆ–ನೇತ್ರಾವತಿಯ ಮೂಲಕ ಪಡುವಣ ಕಡಲಿಗೆ ಹೋಗುತ್ತದೆ. ಹೋಲಿಕೆಗೆ ಇವುಗಳ ಬೆಲೆ ಬಹಳ. ಆದರೆ ಅಲ್ಲಿ ಕತ್ತರಿ ಹಿಡಿದು ಇಳಿಯುವುದು ಸಲ್ಲದು. ದೇವಸ್ಥಾನದವರ ಮತ್ತು ಊರಿನವರ ಒಪ್ಪಿಗೆ ಪಡೆದು, ಮೈಮೇಲಿನ ಲೋಳೆಯನ್ನು ಹತ್ತಿಯ ಕಡ್ಡಿಯಿಂದ ಒರೆಸಿಕೊಂಡರೂ, ಸಹಜವಾಗಿ ಸತ್ತ ಮೀನಿನ ಹುರುಪೆ ಪಡೆದರೂ ಕೆಲಸ ಆಗುತ್ತದೆ.

ಯಾರ ಅನುಮತಿ ಬೇಕು?

ಮುತ್ತತ್ತಿ, ಭೀಮೇಶ್ವರಿಯ ಹರಿವು ಕಾವೇರಿ ವನ್ಯಜೀವಿಧಾಮದೊಳಗಿದೆ. ಅಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ನೀರಿಗಿಳಿಯುವಂತಿಲ್ಲ. ಮಾದರಿಯನ್ನಾಗಲಿ ಅದರ ಡಿಎನ್‌ಎಯನ್ನಾಗಲಿ ವಿದೇಶಕ್ಕೆ ಕಳಿಸುವ ಮೊದಲು 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳನ್ನು ಪಾಲಿಸಬೇಕು.

ಅಣೆಕಟ್ಟುಗಳು ಬಳಗಗಳನ್ನು ಬೇರ್ಪಡಿಸಿವೆಯೇ ಎಂದು ಗುರುತುಗಳು ಹೇಳಬಲ್ಲವೇ?

ಹೇಳಬಲ್ಲವು, ಆದರೆ ತಡವಾಗಿ. ಕನ್ನಂಬಾಡಿ ಕಟ್ಟೆ ಪೂರ್ಣಗೊಂಡದ್ದು 1932ರ ಸುಮಾರಿಗೆ, ಮೆಟ್ಟೂರು 1934ರಲ್ಲಿ. ಮಶೀರ್‌ನ ಒಂದು ಪೀಳಿಗೆಗೆ ಐದಾರು ವರ್ಷವೆಂದು ಇಟ್ಟುಕೊಂಡರೂ ಇವತ್ತಿಗೆ ಕಳೆದದ್ದು ಹದಿನೈದರಿಂದ ಹದಿನೆಂಟು ಪೀಳಿಗೆಗಳಷ್ಟೇ. ಬಳಗ ದೊಡ್ಡದಿದ್ದರೆ ಅಷ್ಟರಲ್ಲಿ ಅಲೀಲ್‌ಗಳ ಪಾಲು ಹೆಚ್ಚೇನೂ ಬದಲಾಗುವುದಿಲ್ಲ. ಆದ್ದರಿಂದ ಕಟ್ಟೆಯ ಮೇಲಿನ ಮತ್ತು ಕೆಳಗಿನ ಮೀನುಗಳ ನಡುವೆ ವ್ಯತ್ಯಾಸ ಕಾಣಲಿಲ್ಲವೆಂದು ‘ಕಟ್ಟೆಯಿಂದ ತೊಂದರೆಯಿಲ್ಲ’ ಎಂದು ವರದಿ ಬರೆಯುವುದು ಸರಿಯಲ್ಲ. ಶಿವನಸಮುದ್ರದ ಜಲಪಾತದ ಮಾತು ಬೇರೆ; ಮೀನು ಏರಲಾಗದ ಆ ಗೋಡೆ ಅಣೆಕಟ್ಟುಗಳಿಗಿಂತ ಎಷ್ಟೋ ಹಳೆಯದು. ಎರಡರ ಪರಿಣಾಮವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಮಿಶ್ರತಳಿಯನ್ನು ಕಂಡುಹಿಡಿಯಲು ಎಷ್ಟು ಗುರುತು ಬೇಕು?

ರೆಮಾದೇವಿಯಲ್ಲಿ ಒಂದು ಅಲೀಲ್, ಖುದ್ರೀಯಲ್ಲಿ ಇನ್ನೊಂದೇ ಅಲೀಲ್ ಎಂಬಂತೆ ಪೂರ್ತಿ ಬೇರೆಯಾಗಿರುವ ಗುರುತುಗಳು ಬೇಕು. ಮೊದಲ ಪೀಳಿಗೆಯ ಮಿಶ್ರತಳಿ ಪ್ರತಿ ಗುರುತಿನಲ್ಲೂ ಎರಡನ್ನೂ ತೋರಿಸುವುದರಿಂದ ಒಂದೆರಡು ಗುರುತಿನಲ್ಲೇ ಸಿಕ್ಕಿಬೀಳುತ್ತದೆ. ಅದು ಮತ್ತೆ ಅಪ್ಪಟ ರೆಮಾದೇವಿಯೊಂದಿಗೆ ಕೂಡಿದರೆ ಹುಟ್ಟುವ ಮರಿ ಒಂದು ಗುರುತಿನಲ್ಲಿ ಅಪ್ಪಟದಂತೆ ಕಾಣುವ ಸಾಧ್ಯತೆ ಅರ್ಧ. ಐದು ಗುರುತಿನಲ್ಲೂ ಹಾಗೆಯೇ ಕಂಡು ತಪ್ಪಿಸಿಕೊಳ್ಳುವ ಸಾಧ್ಯತೆ 32ರಲ್ಲಿ ಒಂದು, ಹತ್ತರಲ್ಲಾದರೆ 1,024ರಲ್ಲಿ ಒಂದು. ಇನ್ನೂ ಒಂದು ಪೀಳಿಗೆ ದಾಟಿದರೆ ಹತ್ತೂ ಸಾಲದು. ಆ ಗುರುತುಗಳನ್ನು ಅಪ್ಪಟವೆಂದು ನಂಬಬಹುದಾದ ಮೀನುಗಳ ಮೇಲೆ ಮೊದಲೇ ಪರೀಕ್ಷಿಸಿರಬೇಕು. ಹಲವು ದಶಕಗಳ ಬಿತ್ತನೆಯ ನಂತರ ಅಂಥ ರೆಮಾದೇವಿ ಎಲ್ಲಿ ಸಿಗುತ್ತದೆ ಎಂಬುದೇ ನಿಜವಾದ ತೊಡಕು. ಈ ಪ್ರಭೇದ ಇನ್ನೂ ಉಳಿದಿರುವ ಮೋಯಾರ್‌ನಂಥ ಹೊಳೆಗಳು ಅದಕ್ಕಾಗಿಯೇ ಅಮೂಲ್ಯ.

ಹ್ಯಾಚರಿಯವರಿಗೆ ಇದರಿಂದ ಏನು ಪ್ರಯೋಜನ?

ಯಾವ ತಾಯಿಮೀನಿಗೆ ಯಾವ ಗಂಡನ್ನು ಕೂಡಿಸಬೇಕು ಎಂಬುದು ತಿಳಿಯುತ್ತದೆ. 20 ಹೆಣ್ಣುಗಳಿಗೆ 3 ಗಂಡುಗಳ ಹಾಲನ್ನೇ (ವೀರ್ಯವನ್ನೇ) ಬಳಸಿದರೆ, ತೊಟ್ಟಿಯಲ್ಲಿ 23 ಮೀನಿದ್ದರೂ ಆನುವಂಶಿಕ ಲೆಕ್ಕದಲ್ಲಿ ಅದು ಸುಮಾರು 10 ಮೀನಿನ ಬಳಗ: ನಾಲ್ಕನ್ನು 20ರಿಂದಲೂ 3ರಿಂದಲೂ ಗುಣಿಸಿ 23ರಿಂದ ಭಾಗಿಸಿ ನೋಡಿ. ಲಕ್ಷ ಬಲಿತ ಬಿತ್ತನೆ ಮರಿಗಳನ್ನು ನದಿಗೆ ಬಿಟ್ಟರೂ ಅವುಗಳಲ್ಲಿರುವುದು ಆ ಹತ್ತರ ವೈವಿಧ್ಯವೇ. ಗಂಡುಗಳನ್ನು ಹತ್ತಕ್ಕೇರಿಸಿದರೆ ಹತ್ತಿದ್ದದ್ದು ಸುಮಾರು 27 ಆಗುತ್ತದೆ, ಖರ್ಚು ಹೆಚ್ಚಿಲ್ಲ.

ನಮ್ಮ ಅಜ್ಜನ ಕಾಲದ ಮಶೀರ್ ತಲೆಯೊಂದು ಗೋಡೆಯ ಮೇಲಿದೆ, ಕೆಲವು ಹುರುಪೆಗಳೂ ಇವೆ. ಉಪಯೋಗವಾಗುತ್ತದೆಯೇ?

ಖಂಡಿತ. ಬಿತ್ತನೆ ಶುರುವಾಗುವ ಮೊದಲಿನ ಮೀನಾದರೆ, ಮೇಲೆ ಹೇಳಿದ ಅಪ್ಪಟ ಮೀನಿನ ತೊಡಕಿಗೆ ಅಂಥ ಹುರುಪೆಯೇ ಉತ್ತರವಾಗಬಹುದು. ಒಣಗಿದ ಹುರುಪೆಯಲ್ಲಿ ಡಿಎನ್‌ಎ ತುಂಡುತುಂಡಾಗಿ ಉಳಿದಿರುತ್ತದೆ, ಹಾಗಾಗಿ ಉದ್ದನೆಯ ಗುರುತುಗಳು ಸಿಗದಿದ್ದರೂ ನೂರೈವತ್ತು ಅಕ್ಷರಗಳ ಒಳಗಿನವು ಸಿಗುವ ಸಾಧ್ಯತೆಯಿದೆ. ಅದನ್ನು ತೊಳೆಯಬೇಡಿ, ವಾರ್ನಿಷ್ ಬಳಿಯಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಒಂದೆರಡು ಹುರುಪೆಗಳನ್ನು ಒಣ ಕಾಗದದ ಲಕೋಟೆಯಲ್ಲಿ ಹಾಕಿ, ಯಾವ ಹೊಳೆ, ಯಾವ ಮಡು, ಯಾವ ವರ್ಷ ಎಂದು ಮನೆಯ ಹಿರಿಯರನ್ನು ಕೇಳಿ, ಪೆನ್ಸಿಲ್ಲಿನಲ್ಲಿ ಬರೆದಿಡಿ.